ನರಿಮರಿಯ ಜಪಾನಿ

ತೈವಾನಿನ ತೈಚುಂಗ್‌ನ ಹಳೇ ರೈಲು ನಿಲ್ದಾಣದ ಹಿಂದಿನ ಗಲ್ಲಿ. ಅಲ್ಲಿನ ವಿಡಿಯೋ ಗೇಮ್ ಅಂಗಡಿಯ ಕಪಾಟಿನ ಮುಂದೆ ಲಿಯಾವ್ ಜಿನ್‌ಫಾ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಬಹಳ ಹೊತ್ತಾಗಿತ್ತು. ಸಿಟಿ ಬಸ್ಸು ಓಡಿಸಿ ಓಡಿಸಿ ನಿವೃತ್ತನಾದ ಮನುಷ್ಯ. ಯಾವ ತಿರುವಿನಲ್ಲಿ ಯಾವ ಸ್ಕೂಟರು ಅಡ್ಡ ನುಗ್ಗುತ್ತದೆ ಎಂದು ಮೊದಲೇ ಹೇಳಬಲ್ಲವನಿಗೆ ಈ ಕಪಾಟಿನಲ್ಲಿ ಯಾವುದಕ್ಕೆ ಕೈ ಹಾಕಬೇಕೆಂದು ಮಾತ್ರ ತಿಳಿಯಲಿಲ್ಲ. ಒಂದು ಡಬ್ಬಿಯ ಮೇಲೆ ಕತ್ತಿ ಹಿಡಿದವನಿದ್ದ, ಇನ್ನೊಂದರ ಮೇಲೆ ಮುಖಕ್ಕಿಂತ ದೊಡ್ಡ ಕಣ್ಣಿನ ಹುಡುಗಿ, ಮತ್ತೊಂದರ ಮೇಲೆ ಟೋಪಿ ಹಾಕಿಕೊಂಡ ಮೂಲಂಗಿ. ಮೂಲಂಗಿಗೆ ಟೋಪಿ ಯಾಕೆ ಎಂದು ಯೋಚಿಸುತ್ತ ನಿಂತವನನ್ನು ಅಂಗಡಿಯ ಯಜಮಾನ್ತಿ ಬೀಯೂನ್ ಗಲ್ಲಾದ ಹಿಂದಿನಿಂದ ಒಂದಷ್ಟು ಹೊತ್ತು ನೋಡಿದಳು.

"ಯಾರಿಗೆ ದೊಡ್ಡಪ್ಪಾ, ಮೊಮ್ಮಗನಿಗಾ?"

"ನಂಗೇ. ಜಪಾನಿ ಕಲೀಬೇಕು."

"ಕ್ಲಾಸಿಗೆ ಹೋಗ್ಬೋದಿತ್ತಲ್ಲ."

"ಹೋಗಿ ಬಂದಾಯ್ತು," ಎಂದ ಜಿನ್‌ಫಾ.

ಹೋದದ್ದು ನಿಜ. ಬಡಾವಣೆಯ ಸಂಜೆ ತರಗತಿ. ಅಲ್ಲಿದ್ದ ಹೆಂಗಸರೆಲ್ಲ ಚೆರ್ರಿ ಹೂ ನೋಡಲೊಮ್ಮೆ, ಕೆಂಪೆಲೆ ನೋಡಲೊಮ್ಮೆ ಜಪಾನಿಗೆ ಹೋಗಿ ಬರುವವರು. ಮೇಡಂ ಕೇಳಿದ ಪ್ರಶ್ನೆಗೆ ಜಿನ್‌ಫಾ ಬಾಯಿ ತೆರೆಯುವಷ್ಟರಲ್ಲಿ ಪಕ್ಕದವಳು ಉತ್ತರ ಹೇಳಿ, ಅವನಿಗೆ ಸಿಗಬೇಕಿದ್ದ ಶಭಾಷ್‌ಗಿರಿಯನ್ನೂ ತೆಗೆದುಕೊಂಡು ಕೂತಿರುತ್ತಿದ್ದಳು. ಕೊನೆಗೆ ಡಿಪೋದ ಹಳೇ ಗೆಳೆಯ ಆಹ್‌ಬಾನ್ ಚಹಾ ಕುಡಿಯುತ್ತ ದಾರಿ ತೋರಿಸಿದ. "ನನ್ನ ಮೊಮ್ಮಗ ಗೇಮ್ ಆಡ್ತಾ ಆಡ್ತಾನೇ ಜಪಾನಿ ಕಲ್ತುಬಿಟ್ಟ ಮಾರಾಯ. ಬೇರೆ ಎಲ್ಲಾ ಸಬ್ಜೆಕ್ಟಲ್ಲೂ ಡುಮ್ಕಿ, ಅದು ಬೇರೆ ವಿಷ್ಯ."

ಇಷ್ಟೆಲ್ಲ ತಾಪತ್ರಯ ಯಾಕೆಂದರೆ, ಮಗಳು ಪೇಶಾನ್‌ಗೆ ಮದುವೆ ಗೊತ್ತಾಗಿತ್ತು. ಹುಡುಗ ಜಪಾನಿನ ಓಯಿತಾ ಕಡೆಯವನು, ಕುರೊಗಿ ನಾವೊಯಾ. ಸೇತುವೆ ಕಟ್ಟುವ ಕೆಲಸ, ಅರ್ಧ ತಿಂಗಳು ಊರಲ್ಲಿ ಇರುವುದಿಲ್ಲ. ಆಗೆಲ್ಲ ಪೇಶಾನ್ ಅವನ ಅಪ್ಪ ಅಮ್ಮನ ಜೊತೆ, ಅಣಬೆ ಬೆಳೆಯುವ ಬೆಟ್ಟದ ಬುಡದ ಮನೆಯಲ್ಲಿ ಇರಬೇಕು. ಅದಕ್ಕೆ ಅವಳು ಒಪ್ಪಿದ್ದಳು. ಅವಳು ಎಲ್ಲದಕ್ಕೂ ಒಪ್ಪುವವಳೇ, ಜಿನ್‌ಫಾನ ತಲೆನೋವೂ ಅದೇ.

ತಾಯಿ ಸತ್ತ ಮೇಲೆ ಆ ಹುಡುಗಿಯ ಬಾಯಿಗೆ ಒಂದು ಮಾತು ಅಂಟಿಕೊಂಡಿತ್ತು: "ಏನಿಲ್ಲ ಅಪ್ಪ, ಪರವಾಗಿಲ್ಲ." ಕಾಲೇಜಿನಲ್ಲಿದ್ದಾಗ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದವಳು ಅವತ್ತೂ ಹಾಗೇ ಅಂದಿದ್ದಳು. ಅವಳು ಎಡಗೈಯಲ್ಲಿ ಊಟದ ಕಡ್ಡಿ ಹಿಡಿದು ತಿಣುಕಾಡುವುದನ್ನು ನೋಡಿದ ಮೇಲೆಯೇ ಜಿನ್‌ಫಾಗೆ ಗೊತ್ತಾದದ್ದು. ಒಂದು ಸಲ ಕೇಳಿದರೆ ಅವಳು ಪರವಾಗಿಲ್ಲ ಅನ್ನುತ್ತಾಳೆ. ಸುಮ್ಮನೆ ಅಲ್ಲೇ ಕೂತು ಇನ್ನೊಂದು ಸಲ ಕೇಳಬೇಕು. ಆಗ ಬಾಯಿ ಬಿಡುತ್ತಾಳೆ. ಇದನ್ನು ತಿಳಿದವನು ಲೋಕದಲ್ಲಿ ಜಿನ್‌ಫಾ ಒಬ್ಬನೇ. ಈಗ ಕುರೊಗಿಯ ಅಪ್ಪನಿಗೂ ಇದು ತಿಳಿಯಬೇಕಿತ್ತು.

ಹೇಳುವುದು ಹೇಗೆ? ಎರಡು ಮನೆಯ ನಡುವೆ ಮಾತು ದಾಟಿಸುವವಳು ಪೇಶಾನ್ ಒಬ್ಬಳೇ. ಅವಳ ವಿಷಯವನ್ನು ಅವಳ ಬಾಯಿಂದಲೇ ಹೇಳಿಸಿದರೆ, "ನಮ್ಮಪ್ಪನಿಗೆ ಊಟ ತುಂಬಾ ರುಚಿಯಾಯಿತಂತೆ," ಎಂದು ತಿರುಗಿಸಿಬಿಡುತ್ತಾಳೆ. ಅಳಿಯನಿಗೆ ಹೇಳಿದರೆ ಅವಳಿಗೇ ಹೇಳಿದ ಹಾಗೆ. ಬರೆದುಕೊಟ್ಟರೆ ಬರೆದದ್ದು ಆ ಮನೆಯಲ್ಲಿ ಉಳಿದು, ಒಂದಲ್ಲ ಒಂದು ದಿನ ಅವಳ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಅನುವಾದ ಮಾಡುವ ಯಂತ್ರವನ್ನೂ ಜಿನ್‌ಫಾ ಪರೀಕ್ಷಿಸಿ ನೋಡಿದ್ದ. ತನ್ನ ಮಾತನ್ನು ಜಪಾನಿಗೆ ಹಾಕಿ, ಅಲ್ಲಿಂದ ವಾಪಸ್ ತಂದಾಗ ಅದು, "ನನ್ನ ಮಗಳು ಸುಳ್ಳುಗಾತಿ, ಅವಳನ್ನು ನಂಬಬೇಡಿ" ಎಂದು ಹೆಂಗಸಿನ ಇಂಪಾದ ದನಿಯಲ್ಲಿ ಹೇಳಿತು. ಜಿನ್‌ಫಾ ಫೋನನ್ನು ಮಗುಚಿ ಹಾಕಿ ಎದ್ದು ಹೋಗಿದ್ದ.

ಒಂದು ಜಾಗ ಮಾತ್ರ ಇತ್ತು. ಚಳಿ ಕಳೆದ ಮೇಲೆ ಎರಡೂ ಮನೆಯವರು ಓಯಿತಾದ ಬಿಸಿನೀರಿನ ಬುಗ್ಗೆಯ ಒಂದು ವಸತಿಗೃಹದಲ್ಲಿ ಸೇರುವುದೆಂದು ಆಗಿತ್ತು. ಅಲ್ಲಿ ಗಂಡಸರ ಕೊಳ ಬೇರೆ, ಹೆಂಗಸರ ಕೊಳ ಬೇರೆ. ಗಂಡಸರ ಕೊಳದಲ್ಲಿ ಮಗಳು ಇರುವುದಿಲ್ಲ. ಫೋನೂ ಇಲ್ಲ, ಕಾಗದವೂ ಇಲ್ಲ, ಮೈಮೇಲೆ ಬಟ್ಟೆಯೂ ಇಲ್ಲ. ಇರುವುದು ಬಾಯಿ ಒಂದೇ. ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋದರೆ ಸಾಲದೇ ಎಂದು ಯೋಚಿಸಿದ್ದ. ಆದರೆ ಆ ಮನುಷ್ಯ ತಿರುಗಿ ಏನಾದರೂ ಕೇಳಿದರೆ? ಬೆತ್ತಲೆ ನಿಂತು ಹಲ್ಲು ಕಿರಿಯುವುದೇ?

ಇದನ್ನೆಲ್ಲ ಯಜಮಾನ್ತಿಯ ಮುಂದೆ ಬಿಚ್ಚಿಡುವಂತಿರಲಿಲ್ಲ. "ಬೀಗರ ಹತ್ರ ಮಾತಾಡ್ಬೇಕು," ಎಂದಷ್ಟೇ ಹೇಳಿ, ಕತ್ತಿ ಹಿಡಿದವನ ಡಬ್ಬಿ ಎತ್ತಿಕೊಂಡ. ಅದರ ಬೆನ್ನ ಮೇಲಿದ್ದುದೆಲ್ಲ ತೈವಾನಿನವರೂ ಜಪಾನಿಯರೂ ಬಳಸುವ ಚೀನೀ ಅಕ್ಷರಗಳು. ನಡುನಡುವೆ ಜಪಾನಿಯರ ಸುರುಳಿ ಅಕ್ಷರಗಳಿದ್ದರೂ ಅವನ್ನು ಹಾರಿಸಿ ಓದಿದರೆ ಅರ್ಥವಾಗುತ್ತಿತ್ತು. ಗೊತ್ತಿದ್ದ ಮುಖ ಸಿಕ್ಕಂತಾಗಿ ಅವನಿಗೆ ಧೈರ್ಯ ಬಂತು.

ಆ ಆಟದಲ್ಲಿ ಜಿನ್‌ಫಾ ಚಿಂದಿ ಉಡಾಯಿಸಿದ. ಕೋಟೆ ಹಿಡಿದ, ಸೈನ್ಯ ಕಟ್ಟಿದ, ಅಕ್ಕಿ ಕೂಡಿಟ್ಟ, ಮೋಸ ಮಾಡಿದ ಸರದಾರನನ್ನು ಓಡಿಸಿದ. ಪರದೆಯ ಮೇಲೆ ಬರುವ ಉದ್ದುದ್ದ ಮಾತೆಲ್ಲ ನೀರು ಕುಡಿದಷ್ಟು ಸಲೀಸಾಗಿ ತಿಳಿಯಿತು. ಜಪಾನಿ ಅಂದರೆ ಇಷ್ಟೇನಾ ಎಂದುಕೊಂಡ. ತರಗತಿಯ ಹೆಂಗಸರು ಈಗ ಸಿಗಬೇಕಿತ್ತು ಎಂದೂ ಅಂದುಕೊಂಡ. ಹೊಸ ವರ್ಷಕ್ಕೆ ಮೊದಲೇ ಇಡೀ ದೇಶ ಅವನ ಕೈಗೆ ಬಂದಿತ್ತು. ಎದೆ ಉಬ್ಬಿಸಿಕೊಂಡು ಅಂಗಡಿಗೆ ಹೋದ.

"ಎಲ್ಲಾ ಅರ್ಥ ಆಯ್ತಾ?" ಎಂದಳು ಬೀಯೂನ್. ಸರಕು ತರಲು ಅವಳು ಒಸಾಕಾಗೆ ಹೋಗಿ ಬರುವವಳು. ಬೆಲೆ ಇಳಿಸಿ ಎನ್ನುವುದಕ್ಕೆ, ಡಬ್ಬಿ ಎಲ್ಲಿ ಎನ್ನುವುದಕ್ಕೆ ಸಾಕಾಗುವಷ್ಟು ಜಪಾನಿ ಅವಳಿಗೆ ಬರುತ್ತಿತ್ತು.

"ಎಲ್ಲಾ."

"ಹಂಗಾದ್ರೆ ಕೋಟೆಗೆ ಜಪಾನೀಲಿ ಏನಂತಾರೆ, ಹೇಳಿ ನೋಡೋಣ."

ಜಿನ್‌ಫಾ ಬಾಯಿ ತೆರೆದ. ಬಂದದ್ದು ತೈವಾನಿ ಪದ. ಸೈನ್ಯಕ್ಕೆ? ಅದೂ ತೈವಾನಿಯೇ. ಅಕ್ಕಿಗೆ? ಮತ್ತೆ ತೈವಾನಿ. ಅಕ್ಷರವನ್ನು ಕಣ್ಣು ನೋಡಿತ್ತು, ಮನಸ್ಸು ಅದನ್ನು ತನ್ನ ಮನೆಮಾತಿನಲ್ಲಿ ಓದಿಕೊಂಡಿತ್ತು. ಕಿವಿಗೆ ಸಂಬಂಧವೇ ಇರಲಿಲ್ಲ.

"ಭಲೇ ದೊಡ್ಡಪ್ಪಾ," ಎಂದು ಬೀಯೂನ್ ಗಲ್ಲಾದ ಮೇಲೆ ತಲೆಯಿಟ್ಟು ನಕ್ಕಳು. "ಒಂದೇ ಒಂದು ಜಪಾನಿ ಪದ ಗೊತ್ತಿಲ್ದೆ ಇಡೀ ಜಪಾನನ್ನೇ ಗೆದ್ಬಿಟ್ರಲ್ಲ. ನಮ್ಮವರೆಲ್ಲ ಬೀಳೋದು ಈ ಹಳ್ಳಕ್ಕೇ. ಅಕ್ಷರ ಗೊತ್ತು ಅನ್ನೋ ಜಂಭ."

ಜಿನ್‌ಫಾಗೆ ನಾಚಿಕೆಯೂ ಆಯಿತು, ದಿಗಿಲೂ ಆಯಿತು. ಇಷ್ಟು ದಿನ ಕೂತು ಮಾಡಿದ್ದೇನು ಹಾಗಾದರೆ?

ಎರಡನೆಯದನ್ನು ಬೀಯೂನ್‌ಳೇ ಆರಿಸಿಕೊಟ್ಟಳು. ರೈಲು ಓಡಿಸುವ ಆಟ. "ನೀವು ಬಸ್ಸಿನವರು, ಕೈ ಕೂಡುತ್ತೆ. ಇದ್ರಲ್ಲಿ ಬರೀ ಓದೋದಲ್ಲ, ದನಿ ಕೇಳ್ಸುತ್ತೆ." ಕೈ ಕೂಡಿದ್ದು ನಿಜ. ನಿಲ್ದಾಣದ ಗೆರೆಗೆ ಸರಿಯಾಗಿ ಗಾಡಿ ನಿಲ್ಲಿಸಿದಾಗಲೆಲ್ಲ ಯಂತ್ರದೊಳಗಿನ ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಳು. ಸಿಟಿ ಬಸ್ಸಿನಲ್ಲಿ ಯಾವನೂ ತಟ್ಟಿರಲಿಲ್ಲ. ಈ ಸಲ ಕಿವಿಗೆ ನಿಜವಾಗಿ ಜಪಾನಿ ಬಿತ್ತು. ಸ್ವಲ್ಪ ದಿನದಲ್ಲೇ ಜಿನ್‌ಫಾ ಹಲ್ಲುಜ್ಜುತ್ತ, ಪಾತ್ರೆ ತೊಳೆಯುತ್ತ ಸ್ಪಷ್ಟವಾಗಿ ಹೇಳತೊಡಗಿದ: "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಗಮನಿಸಿ. ಹಳದಿ ಗೆರೆಯ ಹಿಂದೆ ನಿಲ್ಲಿ." ಆಮೇಲೆ ಒಂದು ದಿನ ಸಿಂಕಿನ ಮುಂದೆ ನಿಂತವನಿಗೆ ತಟ್ಟನೆ ಹೊಳೆಯಿತು. ಇದನ್ನು ಬೀಗರಿಗೆ ಹೇಳಿ ಏನು ಮಾಡುವುದು?

ಮೂರನೆಯದರಲ್ಲಿ ಮಾತೇ ಮಾತು ಇರಬೇಕು ಎಂದು ಹಟ ಹಿಡಿದು ದೊಡ್ಡ ಕಣ್ಣಿನ ಹುಡುಗಿಯ ಡಬ್ಬಿ ತಂದ. ಶಾಲೆಯ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು, ನಗುತ್ತಿದ್ದರು, ಮರದ ಕೆಳಗೆ ನಿಂತು ಅಳುತ್ತಿದ್ದರು. ಯಾಕೆ ಅಳುತ್ತಾರೆಂದು ತಿಳಿಯದೆ ಜಿನ್‌ಫಾ ತೋಚಿದ ಗುಂಡಿ ಒತ್ತುತ್ತಿದ್ದ. ಅವನು ಒತ್ತಿದಷ್ಟೂ ಅವರು ಇನ್ನೂ ಜೋರಾಗಿ ಅತ್ತರು. ಅಂಥ ಒಂದು ಸಂಜೆ ಪೇಶಾನ್ ಕೆಲಸದಿಂದ ಬೇಗ ಬಂದುಬಿಟ್ಟಳು.

"ಅಪ್ಪಾ, ಇದೇನು?"

"ಜಪಾನಿ."

"ಅದು ಕಾಣ್ತಿದೆ. ಆ ಹುಡುಗಿ ಯಾಕೆ ಅಳ್ತಿದಾಳೆ?"

"ಅದು ಗೊತ್ತಾಗಿದ್ರೆ ನಾನ್ಯಾಕೆ ಹಿಂಗೆ ಕೂತಿರ್ತಿದ್ದೆ."

ಪೇಶಾನ್ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಪರದೆಯನ್ನೂ ಅಪ್ಪನನ್ನೂ ಒಂದೊಂದು ಸಲ ನೋಡಿದಳು. ಅಪ್ಪನಿಗೆ ಅರಳುಮರಳು ಶುರುವಾಯಿತೇ ಎಂಬ ಅನುಮಾನ ಅವಳ ಮುಖದ ಮೇಲೇ ಬರೆದಿತ್ತು.

"ನಾನಿದೀನಲ್ಲಪ್ಪ. ಅವರಿಗೆ ಏನು ಹೇಳ್ಬೇಕು ಹೇಳು, ನಾನೇ ಹೇಳ್ತೀನಿ. ನೀನು ಈ ವಯಸ್ಸಲ್ಲಿ ಯಾಕೆ ಒದ್ದಾಡ್ತೀಯಾ?"

"ಏನಿಲ್ಲ," ಎಂದ ಜಿನ್‌ಫಾ. "ಸುಮ್ನೆ, ಹೊತ್ತು ಹೋಗ್ಲಿ ಅಂತ."

ಮಗಳು ಆ ಮಾತನ್ನು ಯಾರಿಂದ ಕಲಿತಳೋ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಬೇಯಿಸಿದ ನೂಡಲ್ಸನ್ನು ಇಬ್ಬರೂ ತಿಂದರು.

ಮರುದಿನ ಅಂಗಡಿಯಲ್ಲಿ ಜಿನ್‌ಫಾ ಸೋತ ಮುಖ ಹಾಕಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟ. ಅರ್ಥವಾದದ್ದು ಕೇಳಿಸುವುದಿಲ್ಲ, ಕೇಳಿಸಿದ್ದು ಅರ್ಥವಾಗುವುದಿಲ್ಲ, ಎರಡೂ ಆದದ್ದು ರೈಲಿನ ಬಾಗಿಲಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಇನ್ನೆಷ್ಟು ಆಟ ತರುವುದು? ಬೀಯೂನ್ ಒಂದಷ್ಟು ಹೊತ್ತು ಗಲ್ಲ ಕೆರೆದುಕೊಂಡು, ಬಗ್ಗಿ ಕೆಳಗಿನ ಖಾನೆಯಿಂದ ಒಂದು ಹಳೇ ಗೇಮ್ ಕ್ಯಾಸೆಟ್ ತೆಗೆದಳು. ಯಾವುದೋ ಮಗು ಅದರ ಮೇಲೆ ಸ್ಟ್ರಾಬೆರಿ ಚೀಟಿ ಅಂಟಿಸಿತ್ತು. ಒಂದು ನರಿಮರಿ ಕೈಯಲ್ಲಿ ಬುಟ್ಟಿ ಹಿಡಿದು ನಿಂತಿತ್ತು.

"ಇದು ಪುಟ್ಟ ಮಕ್ಕಳದ್ದು. ಅಮ್ಮ ನರಿ ಮರೀನ ಅಂಗಡಿಗೆ ಕಳಿಸ್ತಾಳೆ, ಅದು ತೋಫು ತಗೊಂಡು ಬರುತ್ತೆ. ಅಷ್ಟೇ. ಇದ್ರಲ್ಲಿ ನಿಮ್ಮ ಅಕ್ಷರ ಒಂದೂ ಇಲ್ಲ."

"ಒಂದೂ ಇಲ್ವಾ?"

"ಒಂದೂ ಇಲ್ಲ. ಎಲ್ಲಾ ಸುರುಳಿ. ನಿಮ್ಮ ಕಣ್ಣು ಕಟ್ಟಿದ ಹಾಗೆ. ಬಾಯಿಬಿಟ್ಟು ಓದಿದ್ರೆ ಮಾತ್ರ ದಾರಿ."

"ಐದು ವರ್ಷದ ಕೂಸಿನ ಮಾತು ಕಲ್ತು ಬೀಗರ ಮುಂದೆ ನಿಂತ್ಕೊಳ್ಳಾ?"

"ರೈಲಿನ ಮಾತಿಗಿಂತ ವಾಸಿ ಅಲ್ವಾ ದೊಡ್ಡಪ್ಪಾ?"

ಆ ನರಿಮರಿ ಜಿನ್‌ಫಾನ ಜೀವ ತಿಂದಿತು. ಬಾವಿಕಟ್ಟೆಯ ಬಳಿ ಒಂದು ಮುದಿ ಕರಡಿ ಏನೋ ಕೇಳುತ್ತಿತ್ತು. ತರಗತಿಯಲ್ಲಿ ಅರ್ಧಂಬರ್ಧ ಕಲಿತಿದ್ದ ಸುರುಳಿಗಳನ್ನು ಒಂದೊಂದಾಗಿ, ಕನ್ನಡಕ ಹಣೆಗೆ ಏರಿಸಿ, ಬೆರಳಿಟ್ಟು, ಗಟ್ಟಿಯಾಗಿ ಓದಬೇಕು. ಓದಿ ಮುಗಿಯುವಷ್ಟರಲ್ಲಿ ಮೊದಲನೆಯದು ಮರೆತುಹೋಗಿರುತ್ತಿತ್ತು. ತೋಫು ತರಲು ಹೋಗಿ ಮೀನು ತಂದ, ಮೀನು ತರಲು ಹೋಗಿ ಹಳ್ಳಕ್ಕೆ ಬಿದ್ದ. ಬಿದ್ದಾಗಲೆಲ್ಲ ದಾರಿಯಲ್ಲಿ ಹೋಗುವವರು ನಿಂತು, "ಪರವಾಗಿಲ್ವಾ?" ಎಂದು ಕೇಳುತ್ತಿದ್ದರು. ತಪ್ಪಿದಾಗಲೆಲ್ಲ ಅಮ್ಮ ನರಿ, "ಇನ್ನೊಂದ್ಸಲ," ಎನ್ನುತ್ತಿದ್ದಳು. ಆ ಎರಡು ಮಾತು ಎಷ್ಟು ಸಲ ಬಂದವೆಂದರೆ, ಜಿನ್‌ಫಾ ಅವನ್ನು ಓದುವುದನ್ನೇ ಬಿಟ್ಟ. ಕಂಡ ಕೂಡಲೇ ತಲೆಯೊಳಗೆ ಕೇಳಿಸುತ್ತಿದ್ದವು. ಸುರುಳಿ ಅಕ್ಷರ ಹಾಗೆ ತಾನಾಗಿಯೇ ಮಾತಾಗಿ ಕೇಳಿಸಿದ್ದು ಅದೇ ಮೊದಲು ಎಂದು ಅವನಿಗೆ ಆಮೇಲೆ ಗೊತ್ತಾಯಿತು. ತನಗೆ ಬೇಕಾದ ಮಾತೇ ಹೀಗೆ ಹಳ್ಳದಲ್ಲಿ ಬಿದ್ದುಕೊಂಡು ಸಿಕ್ಕಿದ್ದಕ್ಕೆ ಅವನಿಗೆ ಖುಷಿಯೂ ಆಯಿತು, ಅನುಮಾನವೂ ಆಯಿತು. ನರಿಯ ಮಾತು ಮನುಷ್ಯರಿಗೆ ನಡೆಯುತ್ತದೆಯೇ? ಕೇಳೋಣವೆಂದರೆ ಯಾರನ್ನು ಕೇಳುವುದು?

ಚಳಿ ಕಳೆಯಿತು. ಅನಾನಸ್ ಕೇಕಿನ ಪೊಟ್ಟಣಗಳನ್ನು ಹೊತ್ತುಕೊಂಡು ಅಪ್ಪ ಮಗಳು ಓಯಿತಾಗೆ ಹೋದರು. ವಸತಿಗೃಹದ ಬಾಗಿಲಲ್ಲೇ ಕುರೊಗಿ ಮನೆಯವರು ಬಗ್ಗಿ ನಮಸ್ಕರಿಸುತ್ತ ನಿಂತಿದ್ದರು. ಹುಡುಗನ ಅಪ್ಪ ಕುರೊಗಿ ಮಸಾನೊರಿ, ಬಿಸಿಲಿಗೆ ಕಪ್ಪಾದ ಗಿಡ್ಡ ಮನುಷ್ಯ, ಅಣಬೆ ಬೆಳೆಸುವ ಮರದ ದಿಮ್ಮಿ ಹೊತ್ತು ಹೊತ್ತು ಒಂದು ಹೆಗಲು ಇಳಿದುಹೋಗಿತ್ತು. ಅವನು ಬಾಯಿ ತೆರೆದ ಕೂಡಲೇ ಜಿನ್‌ಫಾ ಮಗಳ ಕಡೆ ತಿರುಗಿದ. ಆ ಜಪಾನಿ ಯಾವ ಆಟದಲ್ಲೂ ಇರಲಿಲ್ಲ. ಬೆಟ್ಟದ ಕಡೆಯ ಮಾತು, ಅರ್ಧ ಹಲ್ಲಿನ ಹಿಂದೆಯೇ ಉಳಿಯುತ್ತಿತ್ತು.

"ದಾರೀಲಿ ಕಷ್ಟ ಆಯ್ತಾ ಅಂತ ಕೇಳ್ತಿದಾರಪ್ಪ," ಎಂದಳು ಪೇಶಾನ್.

"ಇಲ್ಲ ಅನ್ನು."

"ಊಟಕ್ಕೆ ಮುಂಚೆ ಸ್ನಾನಕ್ಕೆ ಹೋಗೋಣ್ವಾ ಅಂತಾರೆ. ನಾವು ಹೆಂಗಸರು ಆ ಕಡೆ ಹೋಗ್ತೀವಿ. ನಾವೊಯಾ ಸಾಮಾನು ಇಟ್ಟು ಆಮೇಲೆ ಬರ್ತಾನಂತೆ. ನಿಂಗೆ ಪರವಾಗಿಲ್ವಾ, ಇವರ ಜೊತೆ ಒಬ್ನೇ?"

"ಹೋಗು ಹೋಗು."

ಅಳಿಯ ಬರುವುದರೊಳಗೆ ಹೇಳಿಬಿಡಬೇಕು. ಜಿನ್‌ಫಾ ಮೈಗೆ ನೀರು ಸುರಿದುಕೊಂಡು, ಸೋಪು ಹಚ್ಚಿ ತೊಳೆದು, ಕೊಳಕ್ಕೆ ಇಳಿದ. ಕುರೊಗಿ ಆಗಲೇ ಕುತ್ತಿಗೆವರೆಗೆ ಮುಳುಗಿ, ತಲೆಯ ಮೇಲೆ ಟವೆಲ್ ಮಡಿಸಿಟ್ಟುಕೊಂಡು ಕಣ್ಣು ಮುಚ್ಚಿದ್ದ. ಬೇರೆ ಯಾರೂ ಇರಲಿಲ್ಲ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂದು ಜಿನ್‌ಫಾಗೆ ಗೊತ್ತು. ಗಂಟಲು ಸರಿಮಾಡಿಕೊಂಡ. ತಲೆಯೊಳಗೆ ಎಲ್ಲ ಕಲಸಿಹೋಯಿತು. ನರಿ ಎಲ್ಲಿ, ಕರಡಿ ಎಲ್ಲಿ ಎಂದು ಹುಡುಕುತ್ತಿರುವಾಗಲೇ ಬಾಯಿ ತನ್ನ ಪಾಡಿಗೆ ತೆರೆದುಕೊಂಡು, ಸ್ಪಷ್ಟವಾದ ಜಪಾನಿಯಲ್ಲಿ ಹೇಳಿತು:

"ಹಳದಿ ಗೆರೆಯ ಹಿಂದೆ ನಿಲ್ಲಿ."

ಕುರೊಗಿ ಕಣ್ಣು ತೆರೆದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ನೀರೆಲ್ಲ ಅಲುಗಾಡುವಂತೆ ನಕ್ಕ. ಜಿನ್‌ಫಾಗೆ ಅಲ್ಲೇ ಮುಳುಗಿಹೋಗಬಾರದೇ ಅನ್ನಿಸಿತು. ಮುಖ ಕಾದುಹೋಗಿತ್ತು, ಅದಕ್ಕೆ ನೀರೊಂದೇ ಕಾರಣವಲ್ಲ. ಆದರೆ ಮರ್ಯಾದೆ ಹೇಗೂ ಹೋಗಿತ್ತು, ಇನ್ನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ಮಗುವಿನ ಹಾಗೆ ಒಂದೊಂದೇ ಪದ ಎತ್ತಿ ಇಟ್ಟ.

"ನನ್ನ ಮಗಳು. 'ಪರವಾಗಿಲ್ಲ.' ಹೇಳ್ತಾಳೆ. ಯಾವಾಗ್ಲೂ." ಉಸಿರು ತೆಗೆದುಕೊಂಡ. "ಪರವಾಗಿಲ್ಲ, ಅಲ್ಲ. ನೋವು. ಇದೆ."

ಕುರೊಗಿಯ ನಗು ನಿಂತಿತು. ಅವನು ಏನೋ ಒಂದು ಮಾತು ಅಂದ. ಬೆಟ್ಟದ ಮಾತು, ತಿಳಿಯಲಿಲ್ಲ. ಜಿನ್‌ಫಾ ಅದಕ್ಕೆ ಕಾಯದೆ ಮುಂದುವರಿದ. ಕಾದರೆ ಉಳಿದದ್ದೂ ಮರೆತುಹೋಗುತ್ತಿತ್ತು.

"ಇನ್ನೊಂದ್ಸಲ. ಕೇಳಿ. ದಯವಿಟ್ಟು. ಇನ್ನೊಂದ್ಸಲ, ಕೇಳಿ."

ನೀರಿನಲ್ಲಿ ಮೂಗು ಮುಳುಗುವಷ್ಟು ತಲೆ ಬಗ್ಗಿಸಿದ. ಎತ್ತಿದಾಗ ಕುರೊಗಿ ತಲೆದೂಗುತ್ತಿದ್ದ. ಹ್ಞಾಂ, ಹ್ಞಾಂ, ಹ್ಞಾಂ. ಆ ತಲೆದೂಗುವಿಕೆ ಜಿನ್‌ಫಾನನ್ನು ಪೂರಾ ಗೊಂದಲಕ್ಕೆ ಕೆಡವಿತು. ಇವರು ಅರ್ಥವಾದರೂ ತಲೆದೂಗುತ್ತಾರೆ, ಆಗದಿದ್ದರೂ ತಲೆದೂಗುತ್ತಾರೆ. ಏನು ಅರ್ಥವಾಯಿತು ಇವನಿಗೆ? ಮಗಳಿಗೆ ಕಾಯಿಲೆ ಅಂದುಕೊಂಡನೇ? ಸುಳ್ಳುಗಾತಿ ಅಂದುಕೊಂಡನೇ? ಹೇಳದೇ ಇದ್ದಿದ್ದರೆ ಚೆನ್ನಾಗಿತ್ತೇನೋ. ನರಿಯ ಮಾತು ನಂಬಿ ಮಗಳ ಬಾಳಿಗೆ ಕಲ್ಲು ಹಾಕಿದೆನೇ? ತಿದ್ದೋಣವೆಂದರೆ ಪದಗಳು ಮುಗಿದಿದ್ದವು. ಅಡ್ಡಗೋಡೆಯ ಆಚೆ ಹೆಂಗಸರ ಕೊಳದಿಂದ ಪೇಶಾನ್‌ಳ ದನಿ ಕೇಳಿಸಿತು. ಅವಳು ಬೀಗಿತ್ತಿಯ ಜೊತೆ ಏನಕ್ಕೋ ನಗುತ್ತಿದ್ದಳು. ಆ ನಗು ಇನ್ನು ಈ ಕಡೆಯದು, ತೈಚುಂಗ್‌ನ ಅಡುಗೆಮನೆಯದಲ್ಲ ಎಂದು ಜಿನ್‌ಫಾಗೆ ಮೊದಲ ಸಲ ಪೂರ್ತಿಯಾಗಿ ತಿಳಿಯಿತು. ಅವನು ಬಿಸಿನೀರನ್ನು ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಎರಚಿಕೊಂಡ.

ಕುರೊಗಿ ಅವನನ್ನೇ ನೋಡುತ್ತಿದ್ದ.

"ಲಿಯಾವ್ ಸಾನ್," ಎಂದ. ಈ ಸಲ ನಿಧಾನವಾಗಿ, ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ. "ನೀವು? ಪರವಾಗಿಲ್ವಾ?"

"ಪರವಾಗಿಲ್ಲ," ಎಂದ ಜಿನ್‌ಫಾ, ತಕ್ಷಣ, ನಗುತ್ತ.

ಕುರೊಗಿ ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ನೀರಿನಲ್ಲಿ ಒಂದಿಷ್ಟು ಹತ್ತಿರ ಸರಿದು, ಕಲ್ಲಿಗೆ ಬೆನ್ನು ಕೊಟ್ಟು, ಎಲ್ಲಿಗೂ ಹೋಗುವ ಅವಸರವಿಲ್ಲದವನಂತೆ ಕೂತ. ಆಮೇಲೆ ಇನ್ನೊಂದು ಸಲ ಕೇಳಿದ.

"ಪರವಾಗಿಲ್ವಾ?"

ಇದಕ್ಕೆ ಉತ್ತರ ಯಾವ ಡಬ್ಬಿಯಲ್ಲೂ ಇರಲಿಲ್ಲ. ಜಿನ್‌ಫಾ ತನ್ನ ಮನೆಮಾತಿನಲ್ಲೇ ಹೇಳಿದ.

"ಇಲ್ಲ ಕಣಯ್ಯ. ಮಗಳನ್ನ ಕಳಿಸೋಕೆ ನಂಗೆ ಮನಸ್ಸೇ ಇಲ್ಲ."

ಕುರೊಗಿಗೆ ಅದರಲ್ಲಿ ಒಂದು ಪದವೂ ತಿಳಿಯಲಿಲ್ಲ. ಅವನು ತಲೆಯ ಮೇಲಿನ ಟವೆಲ್ ತೆಗೆದು, ಹಿಂಡಿ, ಮುಖ ಒರೆಸಿಕೊಳ್ಳಲು ಜಿನ್‌ಫಾನ ಕೈಗೆ ಕೊಟ್ಟ.